ಮನೆಮನೆಯ ‘ಪಾಮ್ ಕ್ರಾಸ್’: ಗುಣ ಏನು, ಸಾಕೋದು ಹೇಗೆ? ಪೂರ್ತಿ ಮಾಹಿತಿ

ಕಡೂರು: ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಯಾವ ಬೀದಿಗೆ ಹೋದ್ರೂ ಒಂದು ಪುಟ್ಟ ನಾಯಿ ಕಣ್ಣಿಗೆ ಬಿದ್ದೇ ಬೀಳುತ್ತೆ. ದಟ್ಟ ಕೂದಲು, ಚೂಪು ಮೂತಿ, ನೆಟ್ಟಗಿನ ಕಿವಿ, ಬೆನ್ನ ಮೇಲೆ ಸುತ್ತಿಕೊಂಡ ಬಾಲ. ಬಣ್ಣ ಬಿಳಿ, ಇಲ್ಲಾಂದ್ರೆ ಕಂದು. ಕೇಳಿದ್ರೆ ಮನೆಯವರು ‘ಪಮೇರಿಯನ್’ ಅಂತಾರೆ, ಪಕ್ಕದ ಮನೆಯವರು ‘ಪಾಮ್ ಕ್ರಾಸ್’ ಅಂತಾರೆ. ಪಕ್ಕದ ಮನೆಯವರು ಹೇಳೋದೇ ಹೆಚ್ಚಾಗಿ ಸರಿ.

ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರದ ಸೀಮೆಯವರು ನಾವು. ರಾಸು ತರೋವಾಗ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ತಾಯಿ ಯಾವುದು ಅಂತ ವಿಚಾರಿಸ್ತೀವಿ. ನಾಯಿಮರಿ ತರೋವಾಗ ಮಾತ್ರ ‘ಮುದ್ದಾಗಿದೆ’ ಅನ್ನೋದೊಂದೇ ಲೆಕ್ಕ. ಆರು ತಿಂಗಳಲ್ಲಿ ಕೂದಲು ಉದುರುತ್ತೆ, ಬೊಗಳುತ್ತೆ, ಕಾಯಿಲೆ ಬೀಳುತ್ತೆ. ಆಮೇಲೆ ಅದೇ ನಾಯಿ ಬಸ್ ಸ್ಟ್ಯಾಂಡ್ ಹತ್ತಿರವೋ ಸಂತೆ ಮೈದಾನದಲ್ಲೋ ಅನಾಥವಾಗಿರುತ್ತೆ. ಹಾಗಾಗಬಾರದು ಅಂದ್ರೆ ತರೋದಕ್ಕೆ ಮುಂಚೆಯೇ ಕೆಲವು ವಿಷಯ ತಿಳ್ಕೊಂಡಿರಬೇಕು.

ಇದು ಯಾವ ಜಾತಿ?

ನಿಜವಾದ ಪಮೇರಿಯನ್ ಯುರೋಪಿನ ಬಾಲ್ಟಿಕ್ ಸಮುದ್ರದ ದಂಡೆಯ ಪಮೇರೇನಿಯಾ ಸೀಮೆಯ ಹೆಸರು ಹೊತ್ತ ತಳಿ. ತೂಕ ಎರಡು, ಮೂರು ಕೆ.ಜಿ. ಅಷ್ಟೇ. ನಮ್ಮಲ್ಲಿ ಆ ಹೆಸರಲ್ಲಿ ಓಡಾಡೋದು ಬಹುಪಾಲು ‘ಇಂಡಿಯನ್ ಸ್ಪಿಟ್ಜ್’. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್ ನಾಯಿಗಳಿಂದ ಇಲ್ಲಿನ ಬಿಸಿಲಿಗೆ ಒಗ್ಗುವಂತೆ ಬೆಳೆದು ಬಂದ ತಳಿ ಇದು. ಚಿಕ್ಕ ಗಾತ್ರದ್ದು 5ರಿಂದ 7 ಕೆ.ಜಿ., ದೊಡ್ಡದು 12 ಕೆ.ಜಿ.ಗೂ ಮೇಲೆ ತೂಗುತ್ತೆ. 1994ರ ‘ಹಮ್ ಆಪ್ಕೆ ಹೈ ಕೌನ್’ ಹಿಂದಿ ಸಿನಿಮಾದ ಟಫಿ ಇದೇ ಜಾತಿಯ ನಾಯಿ. ಆಗ ದೇಶದ ತುಂಬ ಇದರ ಕ್ರೇಜ್ ಇತ್ತು.

ಇದು ಬೀದಿ ನಾಯಿ ಜೊತೆ ಸೇರಿ ಹುಟ್ಟಿದ್ದೇ ‘ಪಾಮ್ ಕ್ರಾಸ್’. ಕ್ರಾಸ್ ಅಂತ ಕೀಳಾಗಿ ನೋಡೋದು ಬೇಡ. ಒಳಸಂಬಂಧದಿಂದ ಬರೋ ಕೆಲವು ದೋಷ ಬೆರಕೆ ನಾಯಿಗಳಲ್ಲಿ ಕಮ್ಮಿ. ಆದ್ರೆ ‘ಪ್ಯೂರ್’ ಅಂತ ಹೇಳಿ ಸಾವಿರಾರು ರೂಪಾಯಿ ಕೇಳಿದ್ರೆ ತಾಯಿ ನಾಯಿ ತೋರಿಸಿ ಅನ್ನಿ. ಮರಿ ದೊಡ್ಡದಾದ ಮೇಲೆ ಹೇಗಾಗುತ್ತೆ ಅನ್ನೋದನ್ನ ತಾಯಿ ನೋಡಿದ್ರೆ ಅರ್ಧ ಊಹಿಸಬಹುದು.

ಗುಣ, ಸ್ವಭಾವ

* ಮನೆಯವರಿಗೆ ಬೇಗ ಅಂಟಿಕೊಳ್ಳುತ್ತೆ, ಅದರಲ್ಲೂ ಒಬ್ಬರನ್ನ ಬಿಟ್ಟಿರಲ್ಲ.
* ಬುದ್ಧಿ ಚುರುಕು. ಹೇಳಿಕೊಟ್ಟಿದ್ದು ಬೇಗ ಕಲಿಯುತ್ತೆ.
* ಬೊಗಳೋದು ಜಾಸ್ತಿ. ಕಾವಲಿಗೆ ಒಳ್ಳೆಯದು, ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಜಗಳಕ್ಕೂ ಕಾರಣ.
* ಸಣ್ಣ ಮಕ್ಕಳು ಬಾಲ, ಕಿವಿ ಎಳೆದ್ರೆ ಸಹಿಸಲ್ಲ, ಕಚ್ಚಬಹುದು. ಐದು ವರ್ಷದೊಳಗಿನ ಮಗುವಿನ ಜೊತೆ ಒಂಟಿಯಾಗಿ ಬಿಡಬೇಡಿ.
* ಚೆನ್ನಾಗಿ ನೋಡಿಕೊಂಡ್ರೆ 10ರಿಂದ 14 ವರ್ಷ ಬದುಕುತ್ತೆ. ಈಗ ಮೂರನೇ ಕ್ಲಾಸಿನ ಮಗ ಹಟ ಮಾಡಿದ ಅಂತ ತಂದ್ರೆ, ಅವನು ಡಿಗ್ರಿಗೆ ಹೋದ ಮೇಲೂ ನೋಡಿಕೊಳ್ಳೋದು ನೀವೇ.

ಊಟ

ಮನೆ ಊಟವೇ ಸಾಕು, ಆದ್ರೆ ಉಪ್ಪು, ಖಾರ, ಒಗ್ಗರಣೆ ಬೇಡ. ಅನ್ನ ಅಥವಾ ಮೆತ್ತಗಿನ ರಾಗಿ ಮುದ್ದೆ ಜೊತೆ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ, ಸ್ವಲ್ಪ ಮೊಸರು, ಬೆಂದ ಕುಂಬಳ, ಕ್ಯಾರೆಟ್ ಕೊಡಬಹುದು. ಬರೀ ಹಾಲು–ಅನ್ನ, ಬರೀ ಬಿಸ್ಕೆಟ್‌ನಲ್ಲಿ ಸಾಕಿದ ನಾಯಿಗೆ ಪ್ರೋಟೀನ್ ಸಾಲಲ್ಲ. ಹಾಲು ಕೆಲವಕ್ಕೆ ಭೇದಿ ತರುತ್ತೆ. ದೊಡ್ಡ ನಾಯಿಗೆ ದಿನಕ್ಕೆ ಎರಡು ಹೊತ್ತು, ಮರಿಗೆ ಮೂರ್ನಾಲ್ಕು ಹೊತ್ತು. ಕುಡಿಯೋ ನೀರು ಯಾವಾಗಲೂ ಇರಲಿ.

ಕೊಡಲೇಬಾರದ್ದು: ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಬೇಯಿಸಿದ ಕೋಳಿ ಮೂಳೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ. ಜ್ವರ ಬಂತು ಅಂತ ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ನುಂಗಿಸಬೇಡಿ, ಅದು ನಾಯಿಗೆ ವಿಷ ಆಗಬಹುದು.

ತೋಟ ಇರೋರು ಗಮನಿಸಿ

ಅಡಿಕೆ ತೋಟದಲ್ಲಿ ಬಿದ್ದ ಕಾಯಿ ಕಚ್ಚಿಕೊಂಡು ಆಡೋದು ಮರಿಗಳ ಚಾಳಿ. ಅಡಿಕೆಯಲ್ಲಿರೋ ಅರಿಕೋಲಿನ್ ಅನ್ನೋ ಅಂಶದಿಂದ ಜೊಲ್ಲು, ವಾಂತಿ, ಭೇದಿ ಶುರುವಾಗುತ್ತೆ. ಹಿಂದೆ ನಾಯಿಗಳ ಜಂತುಹುಳು ಕೆಡವೋಕೆ ಇದನ್ನೇ ಔಷಧಿಯಾಗಿ ಬಳಸ್ತಿದ್ರು, ಅಷ್ಟು ಜೋರು ಅದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋವಾಗ ನಾಯಿಯನ್ನ ಮನೆಯಲ್ಲೇ ಕಟ್ಟಿ. ಮೈಲುತುತ್ತ ಕಲಸಿದ ಡ್ರಮ್ಮಿನ ನೀರು ನೆಕ್ಕಿದ್ರೆ ಅಪಾಯ. ಲಕ್ಕವಳ್ಳಿ ಕಡೆ, ಭದ್ರಾ ಕಾಡಂಚಿನ ಊರುಗಳಲ್ಲಿ ರಾತ್ರಿ ಹೊರಗೆ ಕಟ್ಟಲೇಬೇಡಿ. ಚಿರತೆಗೆ ನಾಯಿ ಸುಲಭದ ಊಟ, ನಾಯಿ ಹುಡುಕಿಕೊಂಡೇ ಅದು ಅಂಗಳದವರೆಗೂ ಬರುತ್ತೆ.

ಅಂಗಡಿಯವರಿಗೆ

ದಿನಸಿ ಅಂಗಡಿ, ಗೊಬ್ಬರದ ಅಂಗಡಿಗಳಲ್ಲಿ ನಾಯಿ ಬಾಗಿಲಲ್ಲೇ ಮಲಗಿರುತ್ತೆ. ಇಲಿ ಪಾಷಾಣ ಇಟ್ಟ ಮೂಲೆಗೆ ನಾಯಿ ಹೋಗದ ಹಾಗೆ ನೋಡಿಕೊಳ್ಳಿ. ಪಾಷಾಣ ತಿಂದು ಸತ್ತ ಇಲಿ ತಿಂದ್ರೂ ತೊಂದರೆ. ವಿಷ ತಿಂದಿದೆ ಅಂತ ಅನುಮಾನ ಬಂದ್ರೆ ಉಪ್ಪು ನೀರು ಕುಡಿಸಿ ಕೂರಬೇಡಿ, ಪಾಷಾಣದ ಪ್ಯಾಕೆಟ್ ಸಮೇತ ಡಾಕ್ಟರ್ ಹತ್ತಿರ ಓಡಿ. ಗಿರಾಕಿಗಳ ಮೇಲೆ ಎಗರೋ ನಾಯಿಯನ್ನ ಬಾಗಿಲಲ್ಲಿ ಬಿಡಬೇಡಿ. ಸಾಕುಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದೆ ನಿರ್ಲಕ್ಷ್ಯ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕೂದಲು, ಬಿಸಿಲು

ಬೇಸಿಗೆ ಬಂತು ಅಂತ ಪೂರ್ತಿ ಬೋಳಿಸೋದು ದೊಡ್ಡ ತಪ್ಪು. ಇದರ ಮೈಯಲ್ಲಿ ಎರಡು ಪದರ ಕೂದಲು ಇರುತ್ತೆ. ಮೇಲಿನ ಪದರ ಬಿಸಿಲಿನಿಂದ ಚರ್ಮ ಕಾಯುತ್ತೆ, ಬೋಳಿಸಿದ್ರೆ ಮತ್ತೆ ಸರಿಯಾಗಿ ಬೆಳೆಯದೇ ಹೋಗಬಹುದು. ಬೋಳಿಸೋ ಬದಲು ವಾರಕ್ಕೆ ಮೂರು ಸಲ ಬಾಚಿ, ಉದುರೋ ಕೂದಲು ಬಾಚಣಿಗೆಯಲ್ಲೇ ಬರುತ್ತೆ. ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು, ನಮ್ಮ ಸೋಪು ಬೇಡ. ಏಪ್ರಿಲ್, ಮೇ ಮಧ್ಯಾಹ್ನ ಶೀಟಿನ ಕೆಳಗೆ ಕಟ್ಟಬೇಡಿ. ಏದುಸಿರು, ನಾಲಿಗೆ ಕಡುಗೆಂಪು, ತೂರಾಟ ಕಂಡ್ರೆ ಅದು ಬಿಸಿಲ ಹೊಡೆತ. ನೆರಳಿಗೆ ತಂದು ಮೈಗೆ ಮಾಮೂಲಿ ನೀರು ಹಾಕಿ, ಗಾಳಿ ಬೀಸಿ, ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಲಸಿಕೆ ಲೆಕ್ಕ

* 8 ವಾರ ತುಂಬೋ ಮುಂಚೆ ಮರಿಯನ್ನ ತಾಯಿಯಿಂದ ಬೇರೆ ಮಾಡಬೇಡಿ.
* 6–8 ವಾರಕ್ಕೆ ಮೊದಲ ಲಸಿಕೆ (ಪಾರ್ವೊ, ಡಿಸ್ಟೆಂಪರ್ ಇತ್ಯಾದಿ). ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ಆಗೋವರೆಗೂ.
* 3 ತಿಂಗಳಿಗೆ ರೇಬೀಸ್ ಲಸಿಕೆ. ಬೂಸ್ಟರ್ ಯಾವಾಗ ಅಂತ ಡಾಕ್ಟರ್ ಹೇಳ್ತಾರೆ. ಆಮೇಲೆ ವರ್ಷ ವರ್ಷ ತಪ್ಪದೆ.
* ಜಂತುಹುಳು ಔಷಧಿ: ಮರಿಗೆ ಮೊದಲ ಮೂರು ತಿಂಗಳು 15 ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ.

ಮರಿ ಊಟ ಬಿಟ್ಟು, ವಾಂತಿ ಜೊತೆ ರಕ್ತ ಮಿಶ್ರಿತ ಕೆಟ್ಟ ವಾಸನೆಯ ಭೇದಿ ಮಾಡಿದ್ರೆ ಪಾರ್ವೊ ಇರಬಹುದು, ಗಂಟೆಗಳ ಲೆಕ್ಕದಲ್ಲಿ ಪ್ರಾಣ ಹೋಗುತ್ತೆ. ಪಾರ್ವೊದಿಂದ ಮರಿ ಸತ್ತ ಮನೆಯಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತೆ. ಬ್ಲೀಚಿಂಗ್ ದ್ರಾವಣದಲ್ಲಿ ತೊಳೆಯದೆ, ಲಸಿಕೆ ಆಗದ ಇನ್ನೊಂದು ಮರಿ ತರಬೇಡಿ.

ದಟ್ಟ ಕೂದಲಲ್ಲಿ ಉಣ್ಣೆ ಅಡಗಿ ಕೂರುತ್ತೆ. ಕಿವಿ ಒಳಗೆ, ಬೆರಳ ಸಂದಿ, ಕುತ್ತಿಗೆ ವಾರಕ್ಕೊಮ್ಮೆ ಬಿಡಿಸಿ ನೋಡಿ. ಜ್ವರ, ವಸಡು ಬಿಳಿಚೋದು, ಮೂಗಲ್ಲಿ ರಕ್ತ ಇವು ಉಣ್ಣೆ ಜ್ವರದ ಲಕ್ಷಣ. ಡಾಕ್ಟರ್ ಕೊಟ್ಟ ಮಾತ್ರೆ ವಾರಗಟ್ಟಲೆ ಇರುತ್ತೆ, ನಾಲ್ಕು ದಿನಕ್ಕೆ ಚುರುಕಾಯ್ತು ಅಂತ ನಿಲ್ಲಿಸಬೇಡಿ.

ಮನೆ ನಾಯಿ ಕಚ್ಚಿದ್ರೂ ಇಂಜೆಕ್ಷನ್ ಬೇಕಾ?

ಇಲ್ಲೇ ಎಷ್ಟೋ ಜನ ಎಡವೋದು. ‘ಮನೆ ನಾಯಿ, ಹಲ್ಲು ತಾಗಿದ್ದಷ್ಟೇ’ ಅಂತ ಬಿಡ್ತಾರೆ. ಗೇಟಿನ ಹೊರಗೆ ಬೀದಿ ನಾಯಿ ಜೊತೆ ಒಂದು ಕಚ್ಚಾಟ ಆಗಿದ್ರೂ ಸಾಕು, ರೇಬೀಸ್ ಮನೆ ಒಳಗೆ ಬರಬಹುದು. ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಉಳಿಯೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ. ಆದ್ರೆ ಸಮಯಕ್ಕೆ ಲಸಿಕೆ ತಗೊಂಡ್ರೆ ತಡೆಯಬಹುದು.

ಕಚ್ಚಲಿ, ಪರಚಿ ಗಾಯ ಆಗಲಿ, ಮೊದಲು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದೂ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡೋ ಲಸಿಕೆ 0, 3, 7, 28ನೇ ದಿನ ಇರುತ್ತೆ. ರಕ್ತ ಬಂದಿದ್ರೆ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಕೂಡ ಬೇಕು. ನಾಯಿಯನ್ನ 10 ದಿನ ಕಟ್ಟಿ ಗಮನಿಸಿ, ಆದ್ರೆ ‘ನೋಡೋಣ’ ಅಂತ ಲಸಿಕೆ ಮುಂದೂಡಬೇಡಿ.

ಸಂತಾನಹರಣ

ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತೆ, ಗರ್ಭ ಸುಮಾರು 63 ದಿನ. ಬೇಡದ ಮರಿಗಳನ್ನ ಚೀಲದಲ್ಲಿ ತುಂಬಿ ಕೆರೆ ಏರಿ ಮೇಲೆ ಬಿಟ್ಟು ಬರೋ ಬದಲು, ಆರು ತಿಂಗಳ ಮೇಲೆ ಡಾಕ್ಟರ್ ಕೇಳಿ ಆಪರೇಷನ್ ಮಾಡಿಸಿ. ಮುಂದೆ ಗರ್ಭಕೋಶದಲ್ಲಿ ಕೀವು ತುಂಬೋ ಕಾಯಿಲೆಯೂ ತಪ್ಪುತ್ತೆ. ಸಾಕಿದ ಪ್ರಾಣಿಯನ್ನ ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಎಲ್ಲಿ ತೋರಿಸೋದು?

ಮೊದಲು ನಿಮ್ಮ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ. ದನದ ಆಸ್ಪತ್ರೆ ಅಂತ ಕರೆದ್ರೂ ನಾಯಿಗೂ ಅಲ್ಲಿ ಚಿಕಿತ್ಸೆ ಇದೆ. ಆಪರೇಷನ್, ಸ್ಕ್ಯಾನಿಂಗ್‌ನಂಥ ದೊಡ್ಡ ಕೇಸಿಗೆ ಶಿವಮೊಗ್ಗ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಅದರ ಆಸುಪಾಸಲ್ಲಿ ಸಾಮಾನ್ಯವಾಗಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ನಿಮ್ಮ ಆಸ್ಪತ್ರೆಯಲ್ಲಿ ದಿನಾಂಕ ಕೇಳಿಟ್ಟುಕೊಳ್ಳಿ. ಲಸಿಕೆ ಹಾಕಿಸಿದ ಕಾರ್ಡನ್ನ ರೇಷನ್ ಕಾರ್ಡಿನ ಜೊತೆಗೇ ಜೋಪಾನವಾಗಿ ಇಡಿ, ಯಾರಿಗಾದ್ರೂ ಕಚ್ಚಿದ ದಿನ ಡಾಕ್ಟರ್ ಮೊದಲು ಕೇಳೋದು ಅದನ್ನೇ.