ಹಳೆಯ ಮಾರುಕಟ್ಟೆಗಳ ಪುನರಭಿವೃದ್ಧಿ: ಕ್ರಾಫರ್ಡ್ ಮಾರ್ಕೆಟ್ ಮತ್ತು ದೇವರಾಜ ಮಾರುಕಟ್ಟೆ

ನೆರೂಳಿನ ನೆರೆಯ ವಾಶಿಯಲ್ಲಿರುವ ಹಣ್ಣಿನ ಸಗಟು ಮಾರುಕಟ್ಟೆಯು 1996ರವರೆಗೆ ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿತ್ತು. ಇಂದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ ಎನಿಸಿರುವ ಆ ಕಟ್ಟಡವನ್ನು ವಿಲಿಯಂ ಎಮರ್ಸನ್ ವಿನ್ಯಾಸಗೊಳಿಸಿದನು; 1869ರಲ್ಲಿ ಅದು ಪೂರ್ಣಗೊಂಡಿತು. ದ್ವಾರದ ಮೇಲಿನ ಉಬ್ಬುಶಿಲ್ಪಗಳು ಲಾಕ್‌ವುಡ್ ಕಿಪ್ಲಿಂಗನ ರಚನೆಗಳು.

ನಿವೇಶನದ ವಿಸ್ತೀರ್ಣ ಸುಮಾರು 22,000 ಚದರ ಮೀಟರ್. ಮೂಲ ಕಟ್ಟಡ ಆವರಿಸಿರುವುದು ಸುಮಾರು 5,500 ಮಾತ್ರ. ಆದುದರಿಂದ ಪಾರಂಪರಿಕ ಕಟ್ಟಡವನ್ನು ಕೆಡವದೆಯೇ ಉಳಿದ ಜಾಗದಲ್ಲಿ ಹೊಸ ಮಳಿಗೆಗಳಿಗೂ ವಾಹನ ನಿಲುಗಡೆಗೂ ಅವಕಾಶವಿದೆ. ಖಾಸಗಿ ಸಹಭಾಗಿತ್ವದ ಪುನರಭಿವೃದ್ಧಿ ಪ್ರಸ್ತಾಪವು 2000ರ ದಶಕದಲ್ಲಿ ತೀವ್ರ ವಿರೋಧಕ್ಕೆ ಗುರಿಯಾಯಿತು. ಅನಂತರ ಮಹಾನಗರಪಾಲಿಕೆಯು ಹಳೆಯ ಕಟ್ಟಡದ ಜೀರ್ಣೋದ್ಧಾರವನ್ನು ಹಂತಹಂತವಾಗಿ ಕೈಗೊಂಡಿತು.

ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಮುಂದೆಯೂ ಇದೇ ಪ್ರಶ್ನೆ ಎದ್ದಿತು. 2016ರ ಆಗಸ್ಟ್ 28ರಂದು ದುರಸ್ತಿಯ ವೇಳೆ ಅದರ ಉತ್ತರ ಭಾಗ ಕುಸಿದುಬಿತ್ತು. ಕೆಡವಿ ಕಟ್ಟಬೇಕೇ, ಉಳಿಸಿ ಬಲಪಡಿಸಬೇಕೇ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ಇಂತಹ ಯಾವುದೇ ಯೋಜನೆಯಲ್ಲಿ ಮೂರು ಅಂಶಗಳು ಮುಖ್ಯವೆಂದು ನಾವು ಭಾವಿಸುತ್ತೇವೆ. ಲಾರಿಗಳ ಸಗಟು ವಹಿವಾಟು ನಗರದ ಹೊರಗಿರಲಿ, ಚಿಲ್ಲರೆ ವ್ಯಾಪಾರ ಮೂಲಸ್ಥಳದಲ್ಲೇ ಉಳಿಯಲಿ. ಕಾಮಗಾರಿ ಭಾಗಭಾಗವಾಗಿ ನಡೆಯಲಿ. ಪ್ರತಿಯೊಬ್ಬ ವ್ಯಾಪಾರಿಗೂ ಹತ್ತಿರದಲ್ಲೇ ತಾತ್ಕಾಲಿಕ ಮಳಿಗೆಯೂ ಹಿಂದಿರುಗುವ ಲಿಖಿತ ಹಕ್ಕೂ ಮೊದಲೇ ದೊರೆಯಲಿ. ಗೋಡೆ ಉಳಿದು ಮಲ್ಲಿಗೆ, ವೀಳ್ಯದೆಲೆ ಮಾರುವವರು ಚದುರಿಹೋದರೆ ಉಳಿಯುವುದು ಕಟ್ಟಡ ಮಾತ್ರ, ಮಾರುಕಟ್ಟೆಯಲ್ಲ.