ಶಿರಸ್ತ್ರಾಣವೂ ರುಮಾಲೂ

ಶಿರಸ್ತ್ರಾಣವೆಂದರೆ ತಲೆಯನ್ನು ಕಾಯುವ ಸಾಧನವೆಂದು ಅರ್ಥ. ಹಿಂದೆ ಯೋಧರಿಗೆ ಸಲ್ಲುತ್ತಿದ್ದ ಈ ಮಾತು ಇಂದು ದ್ವಿಚಕ್ರ ಮೋಟಾರು ವಾಹನವನ್ನೇರುವ ಸರ್ವರಿಗೂ ಸಲ್ಲುತ್ತದೆ. ಬಳಕೆಯಲ್ಲಿ ಅದು ಹೆಲ್ಮೆಟ್ಟೆನಿಸಿದೆ. ದೇಶದೇಶಗಳ ಜನರು ಇದನ್ನು ಒಂದೇ ಬಗೆಯಾಗಿ ಬರಮಾಡಿಕೊಳ್ಳಲಿಲ್ಲ. ಆ ಭೇದಕ್ಕೆ ಕಾರಣವೇನು, ಅದರಿಂದ ಬಳ್ಳಾರಿಯ ಸೀಮೆಗೆ ತಿಳಿಯತಕ್ಕುದೇನು ಎಂಬುದೇ ಪ್ರಕೃತ ವಿಚಾರ.

ಇಂಗ್ಲೆಂಡಿನಲ್ಲಿ 1935ನೆಯ ಮೇ ತಿಂಗಳಲ್ಲಿ ಟಿ. ಇ. ಲಾರೆನ್ಸ್ ಎಂಬ ಪ್ರಸಿದ್ಧ ಪುರುಷನು ಮೋಟಾರುಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ಬಳಿಕ ಮಡಿದನು. ಆತನನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸರು ಇಂಥ ಮರಣಗಳ ಪರಿಶೋಧನೆಗೆ ತೊಡಗಿ, 1941ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಶಿರಸ್ತ್ರಾಣ ಧರಿಸಿ ಗಾಯಗೊಂಡವರು 7 ಮಂದಿ ಮಾತ್ರ ಅವರಿಗೆ ದೊರೆತಿದ್ದರು. ಏಳು ಮಂದಿಯೂ ಬದುಕಿದ್ದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಅದನ್ನು ವಿಧಿಸಿತು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1961ರಲ್ಲಿಯೇ ಪ್ರಜೆಗಳೆಲ್ಲರಿಗೂ ಬಂದ ಈ ಕಟ್ಟಳೆಯು ಬ್ರಿಟನ್ನಿನಲ್ಲಿ ಬಂದುದು 1973ರಲ್ಲಿ. 1976ರಲ್ಲಿ ಸಿಖ್ಖರ ಪೇಟಕ್ಕೆ ಅಲ್ಲಿ ವಿನಾಯಿತಿ ದೊರೆಯಿತು. ಅಮೆರಿಕದಲ್ಲಾದರೋ, ಅದೇ 1976ರಲ್ಲಿ ಕೇಂದ್ರದ ಒತ್ತಾಯವು ಸಡಿಲಲು, ಅನೇಕ ಸಂಸ್ಥಾನಗಳು ಸ್ವಾತಂತ್ರ್ಯದ ಹೆಸರಿನಲ್ಲಿ ಕಟ್ಟಳೆಯನ್ನೇ ಕೈಬಿಟ್ಟುವು.

ಧರ್ಮ, ಸ್ವಾತಂತ್ರ್ಯ ಎಂಬ ಈ ಎರಡು ಆಕ್ಷೇಪಗಳೂ ನಮ್ಮಲ್ಲಿ ಹುಟ್ಟಿದುವು. ಸಿರುಗುಪ್ಪದ ನೆರೆಯ ಆದವಾನಿಯು 1953ರ ವರೆಗೆ ಬಳ್ಳಾರಿ ಜಿಲ್ಲೆಯದೇ. ಆ ಬಳಿಕ ಅದು ಸೇರಿದ ಆಂಧ್ರದಲ್ಲಿನ ಶಿರಸ್ತ್ರಾಣದ ನಿಯಮವು ಸಂಚಾರಸ್ವಾತಂತ್ರ್ಯಕ್ಕೆ ಬಾಧಕವೆಂಬ ವಾದವನ್ನು 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಅದೇ ವರ್ಷದ ಮೋಟಾರು ವಾಹನಗಳ ಅಧಿನಿಯಮವು ತನ್ನ 129ನೆಯ ಪ್ರಕರಣದಲ್ಲಿ ಶಿರಸ್ತ್ರಾಣವನ್ನು ವಿಧಿಸಿ, ಪೇಟ ಧರಿಸಿದ ಸಿಖ್ಖರನ್ನು ಹೊರತುಪಡಿಸಿತು.

ಹೀಗಿರಲು ಬಳ್ಳಾರಿಯಿಂದ ಸಿರುಗುಪ್ಪಕ್ಕೂ ಕುರುಗೋಡಿಗೂ ಹೋಗುವ ಹಾದಿಗಳಲ್ಲಿ ಉಳಿದಿರುವ ಆಕ್ಷೇಪವು ಮೂರನೆಯದು: ಬಿಸಿಲು ಮತ್ತು ರೂಢಿ. ಇಲ್ಲಿಯ ರೈತನಿಗೆ ರುಮಾಲೇ ನೆರಳು, ರುಮಾಲೇ ಮರ್ಯಾದೆ. ಆದರೆ ಶಾಸನದ ದೃಷ್ಟಿಯಲ್ಲಿ ಸಿಖ್ಖರ ಪೇಟವು ಧರ್ಮಾಚಾರ, ನಮ್ಮ ರುಮಾಲು ಲೋಕಾಚಾರ. ಆದುದರಿಂದ ಇದಕ್ಕೆ ವಿನಾಯಿತಿಯಿಲ್ಲ. ಬಿಸಿಲನ್ನು ತಡೆಯುವ ಅರಿವೆಯು ಕಲ್ಲಿನ ಪೆಟ್ಟನ್ನು ತಡೆಯಲಾರದೆಂಬುದೂ ಸ್ಪಷ್ಟ.

ಇದರಿಂದ ವ್ಯಕ್ತವಾಗುವುದೇನೆಂದರೆ, ಬ್ರಿಟನ್ನಿನಲ್ಲಿ ಮೊದಲು ಅರಿವು ಮೂಡಿ, 32 ವರ್ಷಗಳ ತರುವಾಯ ಪ್ರಜೆಗಳೆಲ್ಲರಿಗೂ ಶಾಸನ ಬಂದಿತು. ನಮ್ಮಲ್ಲಿ ಶಾಸನವು ಮುಂದಾಗಿ ಅರಿವು ಹಿಂದುಳಿದಿದೆ. ಆ ಕೊರತೆಯನ್ನು ತುಂಬುವುದು ದಂಡಕ್ಕಿಂತ ಹೆಚ್ಚಾಗಿ ಶಿಕ್ಷಣದ ಕಾರ್ಯ. ದಂಡದ ಭಯದಿಂದ ತೊಟ್ಟುದು ಪೊಲೀಸಿನವರು ಮರೆಯಾದೊಡನೆ ಕೈಗಿಳಿಯುತ್ತದೆ. ತಿಳಿದು ತೊಟ್ಟುದು ಮನೆ ಸೇರುವ ವರೆಗೆ ತಲೆಯ ಮೇಲಿರುತ್ತದೆ.