ಮೂಳೆಯ ಗುಟ್ಟು ಬಯಲಾದ ಬಗೆ

"ಎಕ್ಸ್-ರೇಯಲ್ಲಿ ಏನೂ ಇಲ್ಲವಂತೆ" ಎಂದು ತಿಳಿದರೆ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗುತ್ತದೆ. ಆದರೆ ಹಿಂದೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಬೆನ್ನುನೋವು ಬಂದಾಗ ಈ ಸಮಾಧಾನ ಸಾಲದು. ಏಕೆಂಬುದನ್ನು ವೈದ್ಯರು ಕಲಿತದ್ದು ಬಹು ನಿಧಾನವಾಗಿ.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಅವರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿದರು. ರೋಗ ಎಲ್ಲೆಂದರಲ್ಲಿ ಹಬ್ಬದೆ, ಯಕೃತ್ತು, ಮೂಳೆ ಮುಂತಾದ ಕೆಲವೆಡೆಗಳಲ್ಲೇ ಹೆಚ್ಚಾಗಿ ನೆಲೆಸಿತ್ತು. ಬೀಜ ಎಲ್ಲ ದಿಕ್ಕಿಗೂ ಹಾರಿದರೂ ಒಗ್ಗುವ ಮಣ್ಣಿನಲ್ಲೇ ಮೊಳೆಯುತ್ತದೆ ಎಂಬುದು ಅವರ ತರ್ಕ. ಬೇಸಾಯ ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬದುಕಿರುವವರ ಮೂಳೆಯೊಳಗೆ ಇಣುಕುವ ದಾರಿ ಆಗ ಇರಲಿಲ್ಲ.

1895ರಲ್ಲಿ ಜರ್ಮನಿಯ ರಾಂಟ್ಜೆನ್ ಅವರು ಕ್ಷ-ಕಿರಣ ಕಂಡುಹಿಡಿದಾಗ ಆ ದಾರಿ ತೆರೆಯಿತು. ಆದರೂ ಮೂಳೆಯ ಖನಿಜಾಂಶ ಶೇಕಡಾ 30ರಿಂದ 50ರಷ್ಟು ಕರಗುವ ತನಕ ಚಿತ್ರದಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಒಳಗೆ ಗೆದ್ದಲು ತಿಂದ ಬಾಗಿಲು ಹೊರಗೆ ಗಟ್ಟಿಯಾಗಿ ಕಂಡಂತೆ!

ಮೂಳೆ ಕೆಟ್ಟ ಕಡೆ ದೇಹ ತಾನೇ ರಿಪೇರಿಗೆ ತೊಡಗುತ್ತದೆ. ಅಲ್ಲಿಗೆ ಸೇರುವ ವಸ್ತುವಿಗೆ ವಿಕಿರಣದ ಗುರುತು ಹಚ್ಚಿದರೆ ಜಾಗ ಪತ್ತೆಯಾಗಬೇಕಲ್ಲವೇ? 1960ರ ದಶಕದಲ್ಲಿ ಸ್ಟ್ರಾನ್ಷಿಯಂ-85 ಬಳಸಿದರು. ಅದರ ಅರ್ಧಾಯುಷ್ಯ ಸುಮಾರು 65 ದಿನವಾದ್ದರಿಂದ ಅಲ್ಪ ಪ್ರಮಾಣವನ್ನಷ್ಟೇ ಕೊಡಬಹುದಿತ್ತು, ಚಿತ್ರ ಮಸುಕು. 1971ರಲ್ಲಿ ಅಮೆರಿಕದ ಸಿರಾಕ್ಯೂಸ್‌ನಲ್ಲಿ ಗೋಪಾಲ್ ಸುಬ್ರಮಣಿಯನ್ ಮತ್ತು ಜಾನ್ ಮೆಕಾಫೀ ಅವರು ಕೇವಲ 6 ಗಂಟೆ ಅರ್ಧಾಯುಷ್ಯದ ಟೆಕ್ನೀಷಿಯಂ-99ಎಂ ಅನ್ನು ಫಾಸ್ಫೇಟ್ ಸಂಯುಕ್ತಕ್ಕೆ ಜೋಡಿಸಿದರು. ಇಡೀ ಅಸ್ಥಿಪಂಜರವನ್ನು ಒಂದೇ ದಿನದಲ್ಲಿ ನೋಡುವುದು ಸುಲಭವಾಯಿತು. ಆ ಮೊದಲ ಹೆಸರನ್ನು ಓದುವಾಗ ಹೊರನಾಡಿನಲ್ಲಿರುವ ನಮಗೆ ತುಸು ಹೆಮ್ಮೆಯೂ ಆಗುತ್ತದೆ.

ಈ ಸ್ಕ್ಯಾನ್ ಕೂಡ ಕೊನೆಯ ಮಾತಲ್ಲ. ಸಂಧಿವಾತ, ಮೂಳೆ ಮುರಿತಗಳೂ ಅದರಲ್ಲಿ ಹಾಗೆಯೇ ಎದ್ದು ಕಾಣುತ್ತವೆ. ಆದ್ದರಿಂದಲೇ ಇಂದು ಸಿ.ಟಿ., ಮಜ್ಜೆಯನ್ನೇ ತೋರಿಸುವ ಎಂ.ಆರ್.ಐ., ಪೆಟ್ ಸ್ಕ್ಯಾನ್, ಸಂದೇಹ ಉಳಿದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ.

ಸದಸ್ಯ ಬಂಧುಗಳಲ್ಲಿ ಒಂದು ಅರಿಕೆ. ಹಿಂದೆ ಕ್ಯಾನ್ಸರ್ ಆಗಿದ್ದ ಅಪ್ಪನೋ ಅಮ್ಮನೋ ಊರಿನಿಂದ ಫೋನಿನಲ್ಲಿ "ವಯಸ್ಸಾಯಿತಲ್ಲ, ಬೆನ್ನು ನೋಯುತ್ತೆ" ಎಂದರೆ ಎರಡು ಪ್ರಶ್ನೆ ಕೇಳಿ. ರಾತ್ರಿ ಮಲಗಿದಾಗಲೂ ನೋವಿದೆಯೇ? ಕಾಲಿನ ಬಲ ಕುಂದಿದೆಯೇ? ಮೊದಲನೆಯದಕ್ಕೆ ಹೌದೆಂದರೆ, ಹಳೆಯ ಕಾಯಿಲೆಯ ವಿಷಯ ತಿಳಿಸಿ ಬೇಗ ವೈದ್ಯರಿಗೆ ತೋರಿಸಲಿ. ಎರಡನೆಯದಕ್ಕೆ ಹೌದೆಂದರೆ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಎಕ್ಸ್-ರೇ ಸರಿಯಿದೆ ಎಂದು ಸುಮ್ಮನಿರುವುದು ಬೇಡ.